ಅಸುಂಡಿಯ ಕಟ್ಟೆಗೆ ಎಷ್ಟು ಬೆಳಕು ಬೇಕು?

ಅಸುಂಡಿಯಲ್ಲಿ ಇಳಿಯುವಾಗ ಬಸ್ಸಿನ ಕಂಡಕ್ಟರ್ ನನ್ನ ಕಂಕುಳಲ್ಲಿದ್ದ ಡಬ್ಬಿ ನೋಡಿ, “ಏನ್ರೀ ಸರ, ಎಣ್ಣಿ ವ್ಯಾಪಾರೇನು?” ಅಂದ. ಹದಿನೈದು ಕಿಲೋ ಎಣ್ಣೆಯ ಖಾಲಿ ತಗಡಿನ ಡಬ್ಬಿ ಅದು. ಒಂದು ಮಗ್ಗುಲು ಕತ್ತರಿಸಿ ತೆಗೆದಿದ್ದೆ, ಒಳಗೆ ಬಲ್ಬಿನ ಹೋಲ್ಡರ್ ಕೂಡಿಸಿದ್ದೆ, ಬೆನ್ನಿಗೆ ಮೊಳೆಯಿಂದ ಒಂದಿಪ್ಪತ್ತು ತೂತು ಹೊಡೆದಿದ್ದೆ. ಇದು ನಾಟಕದ ದೀಪ ಕಣಪ್ಪಾ ಎಂದು ಬಿಡಿಸಿ ಹೇಳುವಷ್ಟು ಹೊತ್ತು ಬಸ್ಸು ನಿಲ್ಲುವುದಿಲ್ಲ. ಹೌದೆಂದು ಇಳಿದೆ.

ಜನವರಿಯ ಮೊದಲ ವಾರ. ಎರೆ ಹೊಲದಲ್ಲಿ ಬಿಳಿಜೋಳ ಹಾಲುತೆನೆ ಹಿಡಿದು ನಿಂತಿತ್ತು; ಸೀತನಿ ತಿನ್ನುವ ಕಾಲ. ಗದಗ ತಾಲ್ಲೂಕಿನ ಈ ಊರು ಈ ಸೀಮೆಯ ಬೇರೆ ಊರುಗಳಂತೆಯೇ: ಹಳೆಯ ಮೇಲ್ಮುದ್ದೆ ಮನೆಗಳ ನಡುವೆ ಹೊಸ ಸಿಮೆಂಟಿನ ಮನೆ, ಗುಡಿಯ ಮುಂದೆ ಬೇವಿನ ಕಟ್ಟೆ, ಕಟ್ಟೆಯ ಮೇಲೆ ದಿನಪತ್ರಿಕೆಯ ಒಂದೇ ಪ್ರತಿಯನ್ನು ಹಾಳೆ ಹಾಳೆ ಹಂಚಿಕೊಂಡು ಓದುತ್ತ ಕೂತ ನಾಲ್ವರು. ನನಗೆ ಕೆಲಸವಿದ್ದದ್ದು ಊರಿನ ಶಾಲೆಯೊಂದರಲ್ಲಿ. ಈ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅನ್ನುತ್ತಾರೆ. ಈ ಸಲದ ಗ್ಯಾದರಿಂಗನ್ನು ಸಹಾಯಾರ್ಥ ಕಾರ್ಯಕ್ರಮ ಮಾಡುವುದೆಂದು ಠರಾವಾಗಿತ್ತು. ಮಳೆ ಬಂದರೆ ಐದನೆಯ ಇಯತ್ತೆಯ ಖೋಲಿ ಸೋರುತ್ತದೆ. ಅದರ ಮಾಳಿಗೆ ದುರಸ್ತಿಗೆ ಮಕ್ಕಳೇ ಹಾಡಿ, ಕುಣಿದು, ಒಂದು ಸಣ್ಣ ನಾಟಕ ಆಡಿ ರೊಕ್ಕ ಎತ್ತಬೇಕು.

ಧಾರವಾಡದ ಹವ್ಯಾಸಿ ನಾಟಕಗಳಿಗೆ ಬಹಳ ವರ್ಷ ದೀಪ ಹಚ್ಚಿ ಆರಿಸಿದವನು ನಾನು. ಆ ಸುದ್ದಿ ಹೇಗೋ ಅಸುಂಡಿ ಮುಟ್ಟಿತ್ತು. “ಸರ, ನಮ್ಮಲ್ಲಿ ಹುಡುಗ್ರು ಭಾಳ ಚಲೋ ಮಾಡ್ತಾವ್ರಿ. ಆದ್ರ ಹಿಂದ ಕುಂತವ್ರಿಗೆ ಯಾರ ಮಾರಿನೂ ಕಾಣಂಗಿಲ್ರಿ” ಎಂದು ಶಾಲೆಯ ಶಿಕ್ಷಕಿ, ಇಲ್ಲಿನವರ ಬಾಯಲ್ಲಿ ಅಕ್ಕೋರು, ಫೋನಿನಲ್ಲಿ ಹೇಳಿದ್ದರು. ಈ ಒಂದು ಮಾತಿಗೆ ನಾನು ಬಂದದ್ದು. ಬಣ್ಣ ಬೇಕು, ಹೊಗೆ ಬೇಕು, ಮಿಂಚಬೇಕು ಎಂದು ಕರೆಯುವವರು ನೂರು ಮಂದಿ ಸಿಗುತ್ತಾರೆ. ಮುಖ ಕಾಣಬೇಕು ಎಂದವರು ಇವರೊಬ್ಬರೇ.

ಶಾಲೆಯ ಕಟ್ಟೆ ಅಂಗಳದ ಪಶ್ಚಿಮಕ್ಕಿದೆ. ಎರಡೂವರೆ ಅಡಿ ಎತ್ತರ, ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಮೇಲೆ ಸೂರಿಲ್ಲ, ಹಿಂದೆ ಗೋಡೆ ಇದೆ. ಗೋಡೆಯ ಮೇಲೆ ಭಾರತದ ನಕಾಶೆ ಬಿಡಿಸಿದ್ದಾರೆ. ಶ್ರೀಲಂಕಾ ಇರಬೇಕಾದ ಜಾಗದಲ್ಲಿ ಗಿಲಾವು ಕಿತ್ತು ಹೋಗಿದೆ. ಹೋದ ವರ್ಷ ಈ ಕಟ್ಟೆಗೆ ಇದ್ದ ಬೆಳಕೆಂದರೆ ಗೋಡೆಯ ನೆತ್ತಿಯ ಮೇಲಿನ ಒಂದು ಟ್ಯೂಬು ಮತ್ತು ಪೆಂಡಾಲಿನವರು ಕೊಟ್ಟ ಸೀರಿಯಲ್ ಸೆಟ್ಟು. ದೀಪ ಬೆನ್ನಿಗಿತ್ತು, ಕತ್ತಲೆ ಮುಖಕ್ಕಿತ್ತು. ಹಿಂದೆ ಕೂತವರಿಗೆ ಕಂಡದ್ದು ಕಪ್ಪು ಆಕಾರಗಳು. ಮಗಳು ಯಾವುದು, ಪಕ್ಕದ ಮನೆಯ ಹುಡುಗಿ ಯಾವುದು ಎಂದು ತಾಯಂದಿರು ಲಂಗದ ಬಣ್ಣದಿಂದ ಗುರುತು ಹಿಡಿದರಂತೆ.

ಮೀಟರ್ ಬೋರ್ಡು ಹೆಡ್ ಮಾಸ್ತರರ ಖೋಲಿಯಲ್ಲಿದೆ. ಅಲ್ಲಿಂದ ಕಟ್ಟೆಯವರೆಗೆ ಹೆಜ್ಜೆ ಹಾಕಿ ಎಣಿಸಿದೆ. ನಲವತ್ತು ಹೆಜ್ಜೆ, ಹತ್ತಿರ ಹತ್ತಿರ 30 ಮೀಟರ್. ಆ ಲೆಕ್ಕವನ್ನು ಚೀಟಿಯ ಹಿಂದೆ ಬರೆದಿಟ್ಟುಕೊಂಡೆ. ಆಗ ಅದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಹನ್ನೊಂದಕ್ಕೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಕೂಡಿದರು. ಬೆಂಚಿನ ಮೇಲೆ ಚಹಾ, ಚುರುಮುರಿ. ವಂತಿಗೆ ಪಾವತಿಯ ಪುಸ್ತಕ ಆಗಲೇ ಅಚ್ಚಾಗಿ ಬಂದಿತ್ತು. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಇಲ್ಲಿ ಕಾರ್ಯಕ್ರಮಕ್ಕಿಂತ ಮೊದಲು ಪಾವತಿ ಪುಸ್ತಕ ತಯಾರಾಗುತ್ತದೆ. ಮನೆ ಮನೆಯ ಪಟ್ಟಿ, ಅವತ್ತು ರಾತ್ರಿ ಕಟ್ಟೆಯ ಮೇಲೆ ಬೀಳುವ ಆಯೇರಿ, ಎಲ್ಲಾ ಹಿಡಿದು 40 ಸಾವಿರ ಬಂದೀತು ಎಂದು ಅಂದಾಜು. ದೀಪಕ್ಕೆ ಎಷ್ಟು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು, ಹರೆಯದಲ್ಲಿ ಊರ ನಾಟಕಗಳಲ್ಲಿ ಖಳನ ಪಾರ್ಟು ಮಾಡಿದವರಂತೆ, ತೀರ್ಪು ಕೊಟ್ಟರು: “ರೂಪಾಯಿಗೆ ಎರಡಾಣೆ ದೀಪಕ್ಕ. ಹದಿನಾಕಾಣೆ ಖೋಲಿಗೆ. ಅದರ ಮ್ಯಾಲ ಒಂದು ಪೈಸಾ ಹೋದ್ರೂ ಅದು ಸಹಾಯಾರ್ಥ ಅಲ್ಲ, ಶೋಕಿ.”

40 ಸಾವಿರಕ್ಕೆ ಎರಡಾಣೆಯ ಲೆಕ್ಕದಲ್ಲಿ 5 ಸಾವಿರ. ಯಾವ ಸಂಸ್ಥೆಯ ಬಜೆಟ್ ಪುಸ್ತಕದಲ್ಲೂ ಇಷ್ಟು ನೆಟ್ಟಗಿನ ಸೂತ್ರ ನಾನು ಓದಿಲ್ಲ. “ಆಯ್ತು ಅಜ್ಜಾರ” ಅಂದೆ.

ಅಜ್ಜಾರಿಗೆ ಈ ಮಾತು ಆಡುವ ಹಕ್ಕಿದೆ ಎನ್ನಲು ಈ ನೆಲದ ಕಥೆಯೇ ಸಾಕು. ದೊಡ್ಡಾಟದ ಕಾಲದಲ್ಲಿ ಬೆಳಕೆಂದರೆ ಹಿಲಾಲು. ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆ ಹನಿಸುತ್ತ, ವೇಷದ ಎರಡೂ ಮಗ್ಗುಲಿಗೆ ಇಬ್ಬರು ಹಿಡಿದು ನಿಲ್ಲಬೇಕು. ವೇಷ ಹೋದತ್ತ ಬೆಳಕೂ ಹೋಗಬೇಕು. ಇವತ್ತು ಫಾಲೋ ಸ್ಪಾಟ್ ಎಂದು ಬಾಡಿಗೆ ಕೊಟ್ಟು ತರುವ ಕೆಲಸವನ್ನು ಆಗ ಊರಿನ ಎರಡು ಕೈ ಪುಕ್ಕಟೆ ಮಾಡುತ್ತಿದ್ದವು. 1870ರ ದಶಕದಲ್ಲಿ ಇದೇ ಗದಗದಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಕೃತಪುರ ನಾಟಕ ಮಂಡಳಿ ಕಟ್ಟಿದರು. ಮರಾಠಿ ಕಂಪನಿಗಳೇ ಮೆರೆಯುತ್ತಿದ್ದ ಹೊತ್ತಿನಲ್ಲಿ ಕನ್ನಡದ್ದೊಂದು ಕಂಪನಿ ಇರಲಿ ಎಂಬ ಹಟ ಅದು. ಆಮೇಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗದಿಂದಲೇ ಹೊರಟು ‘ಎಚ್ಚಮನಾಯಕ’, ‘ವಿಷಮ ವಿವಾಹ’ ಆಡಿತು. ಅತ್ತ ಶಿರಹಟ್ಟಿಯಿಂದ ವೆಂಕೋಬರಾಯರ ಕಂಪನಿ. ಆ ಕಾಲದ ಕಂಪನಿಗಳಿಗೆ ಮೊದಲು ಕಿಟ್ಸನ್ ದೀಪ, ಹಿಂದೆಯೇ ಪೆಟ್ರೊಮ್ಯಾಕ್ಸ್, ಕೊನೆಗೆ ಕರೆಂಟು. ಬೆಳಕು ಸಾಲದಿದ್ದ ಕಡೆ ಮುಖದ ಬಣ್ಣ ಕೈ ಹಿಡಿಯುತ್ತಿತ್ತು. ಹುಬ್ಬು ಅಷ್ಟು ದಪ್ಪ, ಕೆನ್ನೆ ಅಷ್ಟು ಕೆಂಪು ಯಾಕೆಂದರೆ ಕೊನೆಯ ಸಾಲಿನ ನಾಲ್ಕಾಣೆಯ ಗಿರಾಕಿಗೂ ಭಾವ ಮುಟ್ಟಬೇಕಿತ್ತು. ಈಗ ಹಾಸ್ಯ ಮಾಡುವ ಆ ಕಂಪನಿ ಮೇಕಪ್ಪು ಆ ಕಾಲದ ಬೆಳಕಿನ ಎಂಜಿನಿಯರಿಂಗು.

ಸಭೆ ಮುಗಿಸಿ ಮಧ್ಯಾಹ್ನ ಗದಗಕ್ಕೆ ಹೋದೆ. ಜೊತೆಗೆ ಮಾಸ್ತರರೊಬ್ಬರು, ಹತ್ತನೆಯ ಇಯತ್ತೆ ಮುಗಿಸಿ ಐಟಿಐ ಓದುತ್ತಿರುವ ಊರಿನ ಒಬ್ಬ ಹುಡುಗ. ಸೌಂಡು-ಲೈಟು ಬಾಡಿಗೆ ಕೊಡುವ ಅಂಗಡಿಯಲ್ಲಿ ಮಾಲೀಕರು ಕುಂದರಿಸಿ, ನೀರು ಕೊಟ್ಟು, ಮೊಬೈಲಿನಲ್ಲಿ ತಮ್ಮ ಹಳೆಯ ಕಾರ್ಯಕ್ರಮಗಳ ವಿಡಿಯೊ ತೋರಿಸಿದರು. ಎರಡು ಕಡೆ ಟ್ರಸ್ಸು, ಅದರ ಮೇಲೆ ನಾಲ್ಕು ಶಾರ್ಪಿ, ಹನ್ನೆರಡು ಪಾರ್ ದೀಪ, ಹೊಗೆಯ ಯಂತ್ರ, ಜನರೇಟರು. “ಶಾಲಿ ಕೆಲಸ ಅಂತ ಹೇಳಿ ನಿಮಗ 22 ಸಾವಿರಕ್ಕ ಮಾಡಿಕೊಡ್ತೇನ್ರಿ.” ಮಾಸ್ತರರು ನನ್ನ ಮುಖ ನೋಡಿದರು. 40ರಲ್ಲಿ 22 ಹೋದರೆ ಖೋಲಿಗೆ ಉಳಿಯುವುದು 18. ಮಕ್ಕಳು ಕುಣಿದದ್ದು ಶಾರ್ಪಿಯ ಬಾಡಿಗೆಗೆ ಎಂದಾಗುತ್ತದೆ.

ಶಾರ್ಪಿಯ ಬಗ್ಗೆ ಎರಡು ಮಾತು ಹೇಳಬೇಕು. ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಆಕಾಶಕ್ಕೆ ಕತ್ತಿ ಬೀಸಿದಂತೆ ಓಡಾಡುವ ಬೆಳಕಿನ ಕಂಬಗಳಿವೆಯಲ್ಲ, ಅವೇ. ಹೊಗೆ ಇದ್ದರೆ ಆ ಕಂಬ ಕಾಣುತ್ತದೆ, ಹೊಗೆ ಇಲ್ಲದಿದ್ದರೆ ಅದೂ ಇಲ್ಲ. ಹಾಡುವ ಮಗುವಿನ ಮುಖಕ್ಕೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ದೀಪ ತನ್ನನ್ನೇ ತಾನು ತೋರಿಸಿಕೊಳ್ಳುವ ಸಾಮಾನು ಅದು. ಮದುವೆಯ ರಿಸೆಪ್ಶನ್‌ಗೆ ಇರಲಿ, ಶಾಲೆಯ ಕಟ್ಟೆಗೆ ಬೇಡ.

ಮಾಲೀಕರಿಗೆ ಇದನ್ನು ಹೇಳಿದರೆ ಸಿಟ್ಟಾಗಲಿಲ್ಲ, ನಕ್ಕರು. ಆಮೇಲೆ ನಿಜವಾದ ವ್ಯಾಪಾರ ಶುರುವಾಯಿತು. ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದರು. ಒಂದು ಗೋಡೆಗೆ ಹಳೆಯ ಪಾರ್ ಕ್ಯಾನುಗಳು ಕಪ್ಪು ಕೊಳವೆಗಳಂತೆ ತೂಗುತ್ತಿದ್ದವು, ಒಂದೊಂದೂ 1000 ವ್ಯಾಟಿನದು. ಇನ್ನೊಂದು ಕಡೆ ಹೊಸ ಎಲ್‌ಇಡಿ ಪಾರ್, ಊಟದ ತಟ್ಟೆಯಷ್ಟು ಮುಖ, ಅದರಲ್ಲಿ ಐವತ್ನಾಲ್ಕು ಸಣ್ಣ ಕಣ್ಣು. ಹಳೆಯವೇ ಅಗ್ಗವಾಗಿ ಸಿಗುತ್ತವೆಯಲ್ಲ ಎಂದರು ಮಾಸ್ತರರು. ನ್ಯಾಯವಾದ ಮಾತು, ಆದರೆ ಲೆಕ್ಕ ಬೇರೆ ಇದೆ. ಎಂಟು ಹಳೆಯ ಕ್ಯಾನು ಅಂದರೆ 8000 ವ್ಯಾಟು. 230 ವೋಲ್ಟಿನಲ್ಲಿ ಭಾಗಿಸಿದರೆ 35 ಆಂಪಿಯರ್ ಹತ್ತಿರ. ಮನೆಯಲ್ಲಿ ಎಂಟು ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ವಯರಿಗೆ ಹಚ್ಚಿದ ಹಾಗೆ. ಶಾಲೆಯ ವೈರಿಂಗು ಮೊದಲ ಹಾಡಿಗೇ ಕೈ ಎತ್ತುತ್ತದೆ; ಆಗ ಜನರೇಟರು ತರಿಸಬೇಕು, ಡೀಸೆಲ್ ಹಾಕಬೇಕು, ಅದರ ಸದ್ದಿಗೆ ಹಾಡು ಕೇಳದೆಂದು ಸ್ಪೀಕರ್ ಏರಿಸಬೇಕು. ಹ್ಯಾಲೋಜನ್ನಿನ ಅಗ್ಗ ಇಲ್ಲಿಗೆ ಮುಗಿಯಿತು. ಎಲ್‌ಇಡಿ ಪಾರ್ ಒಂದಕ್ಕೆ ಹೆಚ್ಚು ಕಡಿಮೆ 100 ವ್ಯಾಟು ಸಾಕು.

ಆರು ಪಾರ್ ಬಾಡಿಗೆಗೆ ಎಂದೆ. ಒಂದಕ್ಕೆ 200 ಅಂದರು. ಐಟಿಐ ಹುಡುಗ ಅಷ್ಟು ಹೊತ್ತೂ ಸುಮ್ಮನಿದ್ದವನು ಮೆಲ್ಲಗೆ, “ಅಣ್ಣಾರ, ಈಗ ಶೂನ್ಯಮಾಸ ನಡದೈತಲ್ರಿ. ಲಗ್ನ ಇಲ್ಲ, ಏನಿಲ್ಲ” ಅಂದ. ಧನುರ್ಮಾಸದಲ್ಲಿ ಲಗ್ನದ ಮುಹೂರ್ತವಿಲ್ಲ, ಸಂಕ್ರಾಂತಿವರೆಗೆ ಈ ಸಾಮಾನೆಲ್ಲ ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದಿರಬೇಕು. ಮಾಲೀಕರು ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. “ಯಾರ ಮಗಾ ನೀನು?” ಆಮೇಲೆ, “150 ಕೊಡ್ರಿ. ನೀವ ಒಯ್ಯಬೇಕು, ನೀವ ತರಬೇಕು.” ಆರಕ್ಕೆ 900. ಶಾಲೆಯ ಕಾರ್ಯಕ್ರಮದ ತಾರೀಖನ್ನು ಲಗ್ನದ ಸೀಜನ್ನಿನ ಹೊರಗೆ ಇಟ್ಟುಕೊಳ್ಳಿ ಎಂದು ಇನ್ನು ಮೇಲೆ ಯಾರು ಕೇಳಿದರೂ ಹೇಳುತ್ತೇನೆ. ಇಷ್ಟು ವರ್ಷ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಪಾರ್‌ನ ಬೆನ್ನಿಗೆ ನಾಲ್ಕು ಗುಂಡಿ ಇರುತ್ತವೆ: ಮೆನು, ಅಪ್, ಡೌನ್, ಎಂಟರ್. ಬಾಡಿಗೆಗೆ ಬರುವ ಬಹುಪಾಲು ದೀಪಗಳು ಆಟೊದಲ್ಲಿ, ಇಲ್ಲವೇ ಸದ್ದಿಗೆ ಕುಣಿಯುವ ಮೋಡಿನಲ್ಲಿ ಇರುತ್ತವೆ. ಹಾಗೇ ಹಚ್ಚಿದರೆ ಪ್ರಾರ್ಥನಾ ಗೀತೆಗೂ ಡಿಸ್ಕೊ. ಮೆನು ಒತ್ತಿ ನಿಂತ ಬಣ್ಣಕ್ಕೆ ತಂದು, ಎಂಟರ್ ಒತ್ತಿಬಿಟ್ಟರೆ ದೀಪ ತೆಪ್ಪಗಾಗುತ್ತದೆ. 512 ಚಾನಲ್ಲಿನ ಡಿಎಂಎಕ್ಸ್ ಬೋರ್ಡಾಗಲಿ, ಅದನ್ನು ನಡೆಸುವ ಆಪರೇಟರನ ದಿನಗೂಲಿಯಾಗಲಿ ಬೇಕಿಲ್ಲ. ಇನ್ನೊಂದು ತೊಂದರೆ ಇದೆ: ಕೆಂಪು, ಹಸಿರು, ನೀಲಿ ಮೂರನ್ನೂ ಪೂರ್ತಿ ಏರಿಸಿದರೆ ಬಿಳಿ ಆಗುತ್ತದೆ ಅನ್ನುತ್ತಾರೆ. ಗೋಡೆಯ ಮೇಲೆ ಆಗುತ್ತದೆ, ನಮ್ಮ ಮಕ್ಕಳ ಗೋದಿ ಬಣ್ಣದ, ಎಣ್ಣೆಗಪ್ಪಿನ ಚರ್ಮದ ಮೇಲೆ ಆಗುವುದಿಲ್ಲ. ಮುಖ ಜ್ವರ ಬಂದವರಂತೆ ಬೂದಿ ಹಿಡಿಯುತ್ತದೆ. ಅದಕ್ಕೇ ಮುಖದ ಬೆಳಕಿಗೆ ಬೇರೆ ದೀಪ ಬೇಕು. ಎದುರಿನ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಹಳದಿ ಛಾಯೆಯ 100 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟು ಒಂದಕ್ಕೆ 1200ರಂತೆ ಎರಡು ಹೇಳಿದೆವು. ಬೆಳಕಿನಲ್ಲಿ ಇದು ಹಳೆಯ 500 ವ್ಯಾಟಿನ ಹ್ಯಾಲೋಜನ್ನಿಗೆ ಸಮ. ಇವನ್ನು ಕೊಂಡೇ ಬಿಡುವುದು; ಮುಂದಿನ ಗ್ಯಾದರಿಂಗಿಗೂ ಆಗುತ್ತವೆ, ಆಗಸ್ಟ್ 15ರ ತಾಲೀಮಿಗೂ ಆಗುತ್ತವೆ.

900 ಮತ್ತು 2400, ಒಟ್ಟು 3300. ಮಾಸ್ತರರು ಉಸಿರು ಬಿಟ್ಟರು. ಆಗ ನಾನು ಚೀಟಿಯ ಹಿಂದಿನ ಲೆಕ್ಕ ತೆಗೆದೆ. 30 ಮೀಟರ್ ವಯರು.

ದೀಪದ ಮಾತು ಎಲ್ಲರೂ ಆಡುತ್ತಾರೆ, ವಯರಿನ ಮಾತು ಯಾರೂ ಆಡುವುದಿಲ್ಲ. ಹೆಣೆದ ಎರಡು ಎಳೆಯ ತೆಳು ವಯರು ಅಗ್ಗ. ಪೆಂಡಾಲುಗಳಲ್ಲಿ ಜೋತಾಡುವುದು ಅದೇ. ಆದರೆ ಪಾರ್‌ನ ಮೈ ಕಬ್ಬಿಣ, ನನ್ನ ಎಣ್ಣೆ ಡಬ್ಬಿಯ ಮೈ ತಗಡು. ಕಟ್ಟೆಯನ್ನು ಅವತ್ತು ಸಗಣಿ ಹಾಕಿ ಸಾರಿಸಿರುತ್ತಾರೆ, ಮಕ್ಕಳು ಬರಿಗಾಲಲ್ಲಿ ಕುಣಿಯುತ್ತವೆ. ಒಳಗೆಲ್ಲೋ ಒಂದು ಎಳೆ ಸವೆದು ಮೈಗೆ ತಾಗಿದರೆ ಕರೆಂಟಿಗೆ ನೆಲ ಸೇರಲು ಮೂರನೆಯ ತಂತಿ ಬೇಕು. ಆ ತಂತಿ ಇಲ್ಲದಿದ್ದರೆ ದಾರಿ ಮಗುವಿನ ಮೈ. ಈ ಒಂದು ವಿಷಯದಲ್ಲಿ ನಾನು ಎರಡಾಣೆಯ ಸೂತ್ರಕ್ಕೂ ತಲೆ ಬಾಗುವವನಲ್ಲ. ಒಂದೂವರೆ ಚದರ ಮಿಲಿಮೀಟರಿನ, ಮೂರು ಎಳೆಯ ತಾಮ್ರದ ವಯರು ಮೀಟರಿಗೆ 80 ರೂಪಾಯಿ ಆಸುಪಾಸು. 30 ಮೀಟರಿಗೆ 2400. ಒಟ್ಟು 5700. ಅಜ್ಜಾರ ಗೆರೆಗಿಂತ 700 ಮೇಲೆ.

ಹಿಂದೆ ಇಂಥ ಕಡೆ ಕಂಬಕ್ಕೆ ಹುಕ್ ಹಾಕಿ ನಾಟಕ ನಡೆಸಿದ ಕಥೆಗಳಿಗೆ ಬರವಿಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಕಳವು. ಅದಿರಲಿ, ಶಾಲೆಯ ಮಕ್ಕಳ ಎದುರಿಗೆ ಯಾರು ಹುಕ್ ಹಾಕುತ್ತಾರೆ? ಹವ್ಯಾಸಿಗಳ ಇನ್ನೊಂದು ಹಳೆಯ ಸಾಹಸ ಉಪ್ಪುನೀರಿನ ಡಿಮ್ಮರ್. ಮಣ್ಣಿನ ಗಡಿಗೆಯಲ್ಲಿ ಉಪ್ಪುನೀರು, ಅದರಲ್ಲಿ ಎರಡು ಲೋಹದ ತಗಡು. ಒಂದನ್ನು ಮೇಲೆತ್ತಿದರೆ ಬೆಳಕು ಮಂದ, ಇಳಿಸಿದರೆ ಪ್ರಖರ. ಸೂರ್ಯಾಸ್ತ ಮಾಡಿಸಲು ಗಡಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನಾನೂ ಹಗ್ಗ ಎಳೆದಿದ್ದೇನೆ. ಈಗ ನೆನೆದರೆ ಬೆನ್ನು ತಣ್ಣಗಾಗುತ್ತದೆ. ಎಲ್‌ಇಡಿಗೆ ಆ ವಿದ್ಯೆ ನಡೆಯುವುದೂ ಇಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬಂದೆವು. ಗದಗಕ್ಕೆ ಬಂದು ಅಲ್ಲಿಗೆ ಹೋಗದೆ ಮರಳುವ ಸಂಗೀತದ ಮಂದಿ ಕಡಿಮೆ. ಆದರೆ ಅವತ್ತು ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಸಂಗೀತವಲ್ಲ, ಲೆಕ್ಕ. ಆಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಎಳವೆಯಲ್ಲೇ ದೃಷ್ಟಿ ಹೋಗಿತ್ತು. ಅಂಧ, ಅನಾಥ ಮಕ್ಕಳನ್ನು ಸಾಕಿ ಸಂಗೀತ ಕಲಿಸುವ ಈ ಮನೆಯ ಖರ್ಚು ಹೊರಲು ಅವರು ಕೈ ಹಾಕಿದ ದಾರಿಗಳಲ್ಲಿ ಒಂದು ನಾಟಕ ಕಂಪನಿ. ಪುಟ್ಟರಾಜರು ನಾಟಕ ಬರೆದರು, ಸಂಗೀತ ಕೂಡಿಸಿದರು. ಊರೂರು ತಿರುಗಿ, ಟಿಕೇಟು ಮಾರಿ, ಬಂದದ್ದರಲ್ಲಿ ಮಕ್ಕಳ ಅನ್ನ, ಅರಿವೆ, ಪಾಠ ಸಾಗಿತು. ನಾಟಕ ಕಟ್ಟಿದವರಿಗೆ ದೀಪದ ಹಂಗಿಲ್ಲ. ಪರದೆಯ ಬಣ್ಣ, ವೇಷದ ಜರಿ, ಎದುರಿನ ಬೆಳಕು ಎಲ್ಲವೂ ಟಿಕೇಟು ಕೊಂಡವನಿಗಾಗಿ ಮಾಡಿದ ಖರ್ಚು. ಆ ಖರ್ಚನ್ನು ಎಷ್ಟು ಹಿಡಿತದಲ್ಲಿಟ್ಟರೆ ಅಷ್ಟು ಮಕ್ಕಳ ತಟ್ಟೆಗೆ. ಅಜ್ಜಾರ ಎರಡಾಣೆಯ ಸೂತ್ರಕ್ಕೆ ಇಲ್ಲೊಂದು ಮೂಲ ಸಿಕ್ಕಿತು ಅನ್ನಿಸಿತು. ಒಳಗಿನ ಖೋಲಿಯೊಂದರಲ್ಲಿ ಯಾರೋ ಹುಡುಗ ಹಾರ್ಮೋನಿಯಂ ಹಿಡಿದು ಒಂದೇ ಪಲುಕನ್ನು ಹತ್ತು ಸಲ ತಿದ್ದುತ್ತಿದ್ದ. ಸಂಜೆ ಇಳಿದಿತ್ತು, ಖೋಲಿಯಲ್ಲಿ ದೀಪ ಹಚ್ಚಿರಲಿಲ್ಲ.

ಅಸುಂಡಿಗೆ ತಿರುಗಿ ಬಂದಾಗ ಕತ್ತಲು. ಅಂಗಡಿಯವರು ತಾಲೀಮಿಗೆಂದು ಎರಡು ಪಾರ್ ಕೊಟ್ಟು ಕಳಿಸಿದ್ದರು. ಫ್ಲಡ್ ಲೈಟು ಎರಡೂ ಚೀಲದಲ್ಲಿದ್ದವು. ಸ್ಟ್ಯಾಂಡು ಬಾಡಿಗೆಗೆ ತರಲಿಲ್ಲ. ಹದಿನಾರು ಅಡಿಯ ಎರಡು ಬಿದಿರು ಗಳ ಊರಲ್ಲೇ ಸಿಕ್ಕವು. ಗದಗ ಸೀಮೆಯ ಗಾಳಿ ಗೊತ್ತಲ್ಲ, ಗಾಳಿಯಂತ್ರದವರು ಸುಮ್ಮನೆ ಇಲ್ಲಿಗೆ ಬಂದಿಲ್ಲ. ಗಳದ ಬುಡಕ್ಕೆ ಗೊಬ್ಬರದ ಚೀಲದಲ್ಲಿ ಉಸುಕು ತುಂಬಿ ಕಟ್ಟಿ, ಮೂರು ದಿಕ್ಕಿಗೆ ಹಗ್ಗ ಬಿಗಿದೆವು.

ದೀಪವನ್ನು ಎಲ್ಲಿ ನಿಲ್ಲಿಸಬೇಕು? ಅಮೆರಿಕದ ಯೇಲ್‌ನಲ್ಲಿ ರಂಗಬೆಳಕು ಕಲಿಸುತ್ತಿದ್ದ ಸ್ಟ್ಯಾನ್ಲಿ ಮ್ಯಾಕ್‌ಕ್ಯಾಂಡ್ಲೆಸ್ 1932ರ ತನ್ನ ಪುಸ್ತಕದಲ್ಲಿ ಹೇಳಿದ್ದು ಇಂದಿಗೂ ಕೆಲಸಕ್ಕೆ ಬರುತ್ತದೆ: ನಟನ ಎಡಕ್ಕೊಂದು, ಬಲಕ್ಕೊಂದು, ಎರಡೂ 45 ಡಿಗ್ರಿ ಮೇಲಿನಿಂದ, ಒಂದು ಬೆಚ್ಚನೆಯ ಬಣ್ಣ, ಇನ್ನೊಂದು ತಂಪು. ಅಸುಂಡಿಯಲ್ಲಿ ಇದನ್ನು ಹೀಗೆ ಇಳಿಸಿದೆವು. ಕಟ್ಟೆಯ ಮೇಲೆ ನಿಂತ ಮಗುವಿನ ಮುಖ ನೆಲದಿಂದ ಆರೂವರೆ ಅಡಿಗೆ ಬರುತ್ತದೆ. ಗಳದ ತುದಿ ಹದಿನಾರು ಅಡಿ. ನಡುವೆ ಸುಮಾರು ಹತ್ತು ಅಡಿ ಎತ್ತರ. ಹಾಗಾದರೆ ಮಗುವಿನಿಂದ ಹತ್ತು ಅಡಿ ದೂರಕ್ಕೆ ಗಳ ನೆಟ್ಟರೆ 45 ಡಿಗ್ರಿ ತಾನೇ ಬರುತ್ತದೆ. “ಇದು ಎಂಟನೇತ್ತೆ ಗಣಿತ ಬಿಡ್ರಿ” ಅಂದರು ಅಕ್ಕೋರು. ಹೌದು, ಅದೇ. ಮೂಲೆಯ ಬೇವಿನ ಮರಕ್ಕೆ ಕಟ್ಟಿದರೆ ಗಳದ ಕೆಲಸ ತಪ್ಪುತ್ತದಲ್ಲ ಎಂದು ಯಾರೋ ಕೇಳಿದರು. ಮರ ಇಮ್ಮಡಿ ದೂರದಲ್ಲಿದೆ. ದೂರ ಇಮ್ಮಡಿಯಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ದೀಪದ ಜಾಗದಲ್ಲಿ ಎಂಟು ಬೇಕಾದೀತು.

ಫ್ಲಡ್ ಲೈಟಿನ ಚಾಳಿ ಒಂದಿದೆ. ನೂರಿಪ್ಪತ್ತು ಡಿಗ್ರಿ ಬಾಯಿ ತೆರೆದು ಕಟ್ಟೆಗೂ, ಗೋಡೆಗೂ, ಮುಂದೆ ಕೂತವರ ನೆತ್ತಿಗೂ ಸಮನಾಗಿ ಸುರಿಯುತ್ತದೆ. ಐಟಿಐ ಹುಡುಗ ಹಳೆಯ ಡಬ್ಬಿಯೊಂದರ ತಗಡು ಕತ್ತರಿಸಿ ನಾಲ್ಕೂ ಕಡೆ ರೆಕ್ಕೆ ಮಾಡಿ ಮಡಚಿ ಹಚ್ಚಿದ. ಚೂಪು ಅಂಚುಗಳನ್ನು ಇಕ್ಕಳದಿಂದ ಒಳಕ್ಕೆ ಬಗ್ಗಿಸಿದ್ದನ್ನು ನೋಡಿ, ಈ ಹುಡುಗ ಕೆಲಸ ಕಲಿಯುತ್ತಾನೆ ಅಂದುಕೊಂಡೆ. ಎಡದ ದೀಪ ಹಾಗೇ ಹಳದಿ. ಬಲದ್ದಕ್ಕೆ ತಿಳಿ ನೀಲಿ ಜಿಲೆಟಿನ್ ಕಾಗದದ ಒಂದು ಪದರ. ನನ್ನ ಎಣ್ಣೆ ಡಬ್ಬಿಗೆ 20 ವ್ಯಾಟಿನ ಎಲ್‌ಇಡಿ ಬಲ್ಬು ಸಿಕ್ಕಿಸಿ ಹಾರ್ಮೋನಿಯಂ ಇಡುವ ಮೂಲೆಗೆ ತಿರುಗಿಸಿದೆ. ಪಾರ್ ಎರಡನ್ನೂ ಹಿಂದಿನ ಗೋಡೆಯ ಬುಡದಲ್ಲಿ ಮಲಗಿಸಿ, ಕಡು ನೀಲಿಗೆ ನಿಲ್ಲಿಸಿದೆವು. ಭಾರತದ ನಕಾಶೆ ಮಸುಕಾಗಿ ಹಿಂದೆ ಸರಿಯಿತು. ಗಿಲಾವು ಕಿತ್ತ ಜಾಗ ಕಾಣಲೇ ಇಲ್ಲ.

ತಾಲೀಮಿಗೆ ಉಳಿದಿದ್ದ ಒಬ್ಬ ಹುಡುಗಿಯನ್ನು ನಡುವೆ ನಿಲ್ಲಿಸಿ ಹಾಡಲು ಹೇಳಿದೆವು. ಮೊದಲು ಟ್ಯೂಬಿನ ಬೆಳಕಿನಲ್ಲಿ, ಆಮೇಲೆ ಅದನ್ನು ಆರಿಸಿ ಎರಡು ಗಳದ ಬೆಳಕಿನಲ್ಲಿ. ಅಜ್ಜಾರು ಅಂಗಳದ ಕೊನೆಯಲ್ಲಿ, ಗೇಟಿಗೆ ಬೆನ್ನು ಹಚ್ಚಿ ನಿಂತಿದ್ದರು. ಅಲ್ಲಿಂದಲೇ ಕೂಗಿದರು: “ಹುಡುಗಿ ಹಲ್ಲ ಬಿದ್ದೈತಿ!” ಮುಂದಿನ ಹಾಲುಹಲ್ಲು ಬಿದ್ದದ್ದು ಗೇಟಿನವರೆಗೆ ಕಂಡಿತ್ತು. ಹುಡುಗಿ ನಾಚಿ ಬಾಯಿ ಮುಚ್ಚಿಕೊಂಡಳು. ಎಲ್ಲಾ ದೀಪ ಸೇರಿ ಆಗ ಸುಡುತ್ತಿದ್ದ ಕರೆಂಟು 420 ವ್ಯಾಟು. ಕಾರ್ಯಕ್ರಮದ ದಿನ ಆರೂ ಪಾರ್ ಹಚ್ಚಿದರೂ 820, ಒಂದು ಇಸ್ತ್ರಿ ಪೆಟ್ಟಿಗೆಯ ಖರ್ಚು.

ಚಹಾ ಕುಡಿಯುವಾಗ ಇನ್ನೊಂದು ಮಾತು ಬಂತು. ಈ ಆರು ಪಾರ್‌ಗೆ ಪ್ರತಿ ವರ್ಷ ಬಾಡಿಗೆ ಕೊಡುವ ಬದಲು ಸುತ್ತಲಿನ ನಾಲ್ಕೈದು ಊರಿನ ಶಾಲೆಗಳು ಕೂಡಿ ಒಂದು ಪೆಟ್ಟಿಗೆ ಕೊಂಡುಕೊಂಡರೆ? ಎಲ್‌ಇಡಿ ಪಾರ್ ಒಂದಕ್ಕೆ ಎರಡು ಸಾವಿರ ಹಿಡಿದರೂ ಊರಿಗೆ ಎರಡೂವರೆ, ಮೂರು ಸಾವಿರದ ಪಾಲು. ಗ್ಯಾದರಿಂಗಿನ ತಾರೀಖುಗಳು ಹಿಂದೆ ಮುಂದೆ ಇದ್ದರೆ ಸಾಕು, ಪೆಟ್ಟಿಗೆ ಊರಿಂದ ಊರಿಗೆ ಚಕ್ಕಡಿಯಲ್ಲೂ ಹೋದೀತು. ಇದೇನು ಹೊಸ ಯೋಚನೆಯಲ್ಲ. ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊಟ್ಟಮೊದಲಿನವುಗಳಲ್ಲಿ ಒಂದು ಅದು. ರೈತರು ಕೂಡಿ ಸಾಲದ ಗಂಟು ಬಿಚ್ಚಿಕೊಂಡ ಸೀಮೆಯಲ್ಲಿ ಶಾಲೆಗಳು ಕೂಡಿ ಆರು ದೀಪ ಕೊಳ್ಳಲಾರವೇ? ಹೆಡ್ ಮಾಸ್ತರರು ಕ್ಲಸ್ಟರ್ ಸಭೆಯಲ್ಲಿ ಇಡುತ್ತೇನೆ ಎಂದಿದ್ದಾರೆ. ಇಟ್ಟರೋ ಇಲ್ಲವೋ, ಮುಂದಿನ ಸಲ ಬಂದಾಗ ಕೇಳುತ್ತೇನೆ.

ಉಳಿದದ್ದು ಗೆರೆ ದಾಟಿದ ಆ 700 ರೂಪಾಯಿಯ ತಕರಾರು. ಅಜ್ಜಾರು ಎರಡಾಣೆಯಿಂದ ಒಂದಿಂಚು ಸರಿಯಲಿಲ್ಲ. ನಾನು ಮೂರನೆಯ ತಂತಿಯಿಂದ ಸರಿಯಲಿಲ್ಲ. ಕೊನೆಗೆ ದಾರಿ ಕಂಡದ್ದು ಒಬ್ಬ ರೈತರಿಗೆ. “ಬೋರಿನ ಕೇಬಲ್ ಆದ್ರ ನಡೀತೈತೇನ್ರಿ?” ನೀರು ಬತ್ತಿದ ಕೊಳವೆಬಾವಿಯಿಂದ ಮೇಲೆತ್ತಿದ ಪಂಪಿನ ಚಪ್ಪಟೆ ಕೇಬಲ್ಲು ಅವರ ಅಟ್ಟದ ಮೇಲಿತ್ತು. ತಂದು ಬಿಡಿಸಿದರು. ತಾಮ್ರದ ಮೂರು ಎಳೆ, ಕೆಂಪು, ಹಳದಿ, ನೀಲಿ. ನೀರೊಳಗೆ ನೂರಾರು ಅಡಿ ಇಳಿದು ಬಾಳಿದ್ದು, ಕಟ್ಟೆಯ ತೇವಕ್ಕೆ ಹೆದರುವಂಥದ್ದಲ್ಲ. ಇಲಿ ಕಡಿದ ಜಾಗ ಕತ್ತರಿಸಿ ತೆಗೆದು, ಹುಡುಗ ಟೆಸ್ಟರ್ ಹಿಡಿದು ಮೂರೂ ಎಳೆ ನೋಡಿದ. ಹಳದಿ ಎಳೆಯ ಎರಡೂ ತುದಿಗೆ ಹಸಿರು ಟೇಪು ಸುತ್ತಿದೆವು. ಅದು ಅರ್ಥಿಂಗ್, ಅದಕ್ಕೆ ಬೇರೇನನ್ನೂ ಹಚ್ಚುವ ಹಾಗಿಲ್ಲ ಎಂದು ಚೀಟಿ ಬರೆದು ಬೋರ್ಡಿನ ಬಾಗಿಲಿಗೆ ಅಂಟಿಸಿದ್ದೇವೆ.

ಅಳೆದರೆ ಗಟ್ಟಿ ಉಳಿದದ್ದು 18 ಮೀಟರ್. ಇನ್ನೂ 12 ಮೀಟರ್ ಬೇಕು. ಕಾರ್ಯಕ್ರಮ ಸಂಕ್ರಾಂತಿಯ ಹಿಂದಿನ ಶನಿವಾರ, ಸಂಜೆ ಏಳಕ್ಕೆ. ಆ ಕಡೆ ಬರುವವರಿದ್ದರೆ ಹಾರ, ಶಾಲು ತರಬೇಡಿ. ಮನೆಯಲ್ಲಿ ಮೂರು ಎಳೆಯ ವಯರಿನ ತುಂಡು ಬಿದ್ದಿದ್ದರೆ ಸುತ್ತಿಕೊಂಡು ಬನ್ನಿ.